ಸಯಾಮಿನ ಅರಮನೆಯ ಉಪಾಧ್ಯಾಯಿನಿ ಆ್ಯನಾ ಲಿಯನೋವೆನ್ಸ್

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಧರ್ಮಾಧ್ಯಕ್ಷರ, ಗುರುಗಳ ಹಾಗೂ ಉಪಕಾರಿಗಳ ಚರಿತ್ರೆಗಳ ನಡುವೆ, ಸಂತಳೂ ಅಲ್ಲದ, ಕಥೋಲಿಕಳೂ ಅಲ್ಲದ ಸ್ತ್ರೀಯೊಬ್ಬಳ ಜೀವನವನ್ನು ನಾವು ಬರೆಯಹೊರಟಿರುವುದು ಕೆಲವರಿಗೆ ಅಚ್ಚರಿ ತಂದೀತು. ಪರನಾಡಿನಲ್ಲಿ, ತನ್ನ ಮಾತನ್ನರಿಯದ ಎಳೆಯ ಮಕ್ಕಳೆದುರು ಇಂಗ್ಲಿಷ್ ಕಾಗುಣಿತದ ಪುಸ್ತಕ ಹಿಡಿದು ನಿಂತವರ ಬಾಳು ಎಂತಹುದೆಂದು ಅರಿಯಬಯಸುವವರಿಗೆ ಈಕೆಯ ಕಥೆ ತಕ್ಕುದೆಂದು ನಮಗೆ ತೋರಿತು. ಚಲನಚಿತ್ರಗಳ ಮೂಲಕ ಈಕೆಯ ಹೆಸರನ್ನು ಬಲ್ಲವರು ಅನೇಕರು. ನಿಜ ಸಂಗತಿಯನ್ನು ಬಲ್ಲವರು ವಿರಳ.

ಆ್ಯನಾ ಹುಟ್ಟಿದ್ದು 1831ನೆಯ ನವೆಂಬರ್ 26ರಂದು, ನಮ್ಮ ದೇಶದ ಅಹಮದ್‌ನಗರದಲ್ಲಿ, ಅದೀಗ ಅಹಿಲ್ಯಾನಗರವೆನಿಸಿದೆ. ತಂದೆ ಥಾಮಸ್ ಎಡ್ವರ್ಡ್ಸ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಸಾರ್ಜೆಂಟ್. ಮಗಳು ಕಣ್ತೆರೆಯುವ ಮೊದಲೇ ಆತನು ಕಣ್ಮುಚ್ಚಿದನು. 1849ರ ಕ್ರಿಸ್ಮಸ್ ದಿನ ಪುಣೆಯಲ್ಲಿ ಆಕೆ ಥಾಮಸ್ ಲಿಯಾನ್ ಓವೆನ್ಸ್ ಎಂಬ ಗುಮಾಸ್ತನನ್ನು ವರಿಸಿದಳು. ಹುಟ್ಟಿದ ನಾಲ್ಕು ಮಕ್ಕಳಲ್ಲಿ ಇಬ್ಬರು ಶೈಶವದಲ್ಲೇ ತೀರಿಕೊಂಡರು. ಆಸ್ಟ್ರೇಲಿಯಾದ ಪರ್ತ್, ಅನಂತರ ಪೆನಾಂಗ್, ಹೀಗೆ ಹೊಟ್ಟೆಪಾಡಿಗಾಗಿ ಅಲೆದು, 1859ರಲ್ಲಿ ಪೆನಾಂಗಿನಲ್ಲಿ ಗಂಡನೂ ಮಡಿದಾಗ, ಏವಿಸ್ ಎಂಬ ಮಗಳು, ಲೂಯಿಸ್ ಎಂಬ ಮಗ, ಬರಿಗೈ, ಇವಿಷ್ಟೇ ಆಕೆಗುಳಿದ ಆಸ್ತಿ.

ಆಕೆ ಸಿಂಗಾಪುರ ಸೇರಿ ಆಂಗ್ಲ ಅಧಿಕಾರಿಗಳ ಮಕ್ಕಳಿಗಾಗಿ ಒಂದು ಪುಟ್ಟ ಶಾಲೆ ತೆರೆದಳು. ಅಲ್ಲಿಯೇ ಆಕೆ ತನ್ನ ಜನ್ಮವೃತ್ತಾಂತವನ್ನು ಬದಲಿಸಿ ಹೇಳತೊಡಗಿದಳು. ತಾನು ಹುಟ್ಟಿದ್ದು ವೇಲ್ಸಿನಲ್ಲಿ, ತನ್ನ ಪತಿ ಸೈನ್ಯದ ಮೇಜರ್ ಎಂದಳು. ಗಂಡನ ಎರಡು ಹೆಸರುಗಳನ್ನು ಬೆಸೆದು ಲಿಯನೋವೆನ್ಸ್ ಎಂಬ ಕುಲನಾಮ ಮಾಡಿಕೊಂಡಳು. ಸುಳ್ಳು ಸುಳ್ಳೇ, ನಾವು ಅದನ್ನು ಸಮರ್ಥಿಸುವವರಲ್ಲ. ಆದರೆ ದಂಡಿನ ಬ್ಯಾರಕ್ಕಿನಲ್ಲಿ ಬೆಳೆದ, ಭಾರತೀಯ ರಕ್ತ ಬೆರೆತಿರಬಹುದೆಂಬ ಸಂಶಯಕ್ಕೆ ಗುರಿಯಾಗಬಹುದಾದ ವಿಧವೆಗೆ ಆ ಕಾಲದ ಬಿಳಿಯ ಸಮಾಜ ತನ್ನ ಮಕ್ಕಳನ್ನು ಒಪ್ಪಿಸುತ್ತಿರಲಿಲ್ಲವೆಂಬುದನ್ನೂ ತೂಗಿ ನೋಡಬೇಕು. ಸುಳ್ಳು ಹೇಳಿದವಳನ್ನು ಮಾತ್ರ ನಿಂದಿಸಿ, ಆ ಸುಳ್ಳಿಲ್ಲದೆ ಅನ್ನ ಕೊಡದ ಸಮಾಜವನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

1862ರ ಆರಂಭದಲ್ಲಿ ಸಯಾಮಿನ, ಎಂದರೆ ಇಂದಿನ ಥಾಯ್‌ಲೆಂಡಿನ, ಅರಸ ಮೋಂಗ್‌ಕುಟನಿಂದ ಕರೆ ಬಂದಿತು. ಸಿಂಹಾಸನವೇರುವ ಮುನ್ನ ಇಪ್ಪತ್ತೇಳು ವರ್ಷ ಬೌದ್ಧ ಭಿಕ್ಷುವಾಗಿದ್ದ ಈ ಅರಸ ಸಾಮಾನ್ಯನಲ್ಲ. ನಮ್ಮ ಕಥೋಲಿಕ ಧರ್ಮಾಧ್ಯಕ್ಷರಾದ ಪಾಲ್‌ಗ್ವಾ ಅವರೊಡನೆ ಆತನಿಗೆ ಗಾಢ ಸ್ನೇಹವಿದ್ದಿತು. ಅವರು ಈತನಿಗೆ ಲತೀನ್ ಕಲಿಸಿದರೆ, ಈತನು ಅವರಿಗೆ ಪಾಳಿ ಕಲಿಸಿದನು. ಪಾಲ್‌ಗ್ವಾ ಅವರು ಪ್ಯಾರಿಸ್ ವಿದೇಶೀ ಮಿಷನ್ ಸಭೆಯವರು; ಮೈಸೂರು ಸೀಮೆಯ ನಮ್ಮ ಹಿರಿಯರಿಗೆ ದೀಕ್ಷಾಸ್ನಾನವಿತ್ತ ಗುರುಗಳೂ ಅದೇ ಸಭೆಯವರೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಆ್ಯನಾ ಬ್ಯಾಂಕಾಕ್ ಮುಟ್ಟಿದ ಮಾರ್ಚಿನ ಮೂರು ತಿಂಗಳ ಬಳಿಕ, ಜೂನ್‌ನಲ್ಲಿ, ಅವರು ದೈವಾಧೀನರಾದಾಗ ಅರಸನು ರಾಜಮರ್ಯಾದೆಯಿಂದಲೇ ಬೀಳ್ಕೊಟ್ಟನು.

ಇಂತಹ ಅರಸನು ಆ್ಯನಾಳಿಗೆ ಹಾಕಿದ ಷರತ್ತು ಸ್ಪಷ್ಟವಾಗಿದ್ದಿತು. ಮಕ್ಕಳಿಗೆ ಇಂಗ್ಲಿಷ್ ಭಾಷೆ, ವಿಜ್ಞಾನ, ಸಾಹಿತ್ಯ ಕಲಿಸಬೇಕು, ಮತಾಂತರಕ್ಕೆ ಕೈಹಾಕಬಾರದು. ಹಿಂದೆ ಪಾಠಕ್ಕೆ ಬರುತ್ತಿದ್ದ ಅಮೆರಿಕದ ಪ್ರಾಟೆಸ್ಟೆಂಟ್ ಮಿಷನರಿಗಳ ಪತ್ನಿಯರು ಅಕ್ಷರಕ್ಕಿಂತ ಧರ್ಮೋಪದೇಶಕ್ಕೇ ಹೆಚ್ಚು ಗಮನವಿತ್ತರೆಂದು ಆತನಿಗೆ ಅಸಮಾಧಾನವಿದ್ದಿತು. ಆ್ಯನಾ ಒಪ್ಪಿದಳು. ಮಗಳನ್ನು ಇಂಗ್ಲೆಂಡಿನ ಶಾಲೆಗೆ ಕಳುಹಿಸಿ, ಎಳೆಯ ಲೂಯಿಸನ ಕೈಹಿಡಿದು ಹಡಗು ಹತ್ತಿದಳು. ಎರಡು ಮಕ್ಕಳಲ್ಲಿ ಒಂದನ್ನು ದೂರ ಮಾಡಿಕೊಂಡು ಪರರ ಮಕ್ಕಳಿಗೆ ಪಾಠ ಹೇಳಹೊರಟ ತಾಯಿಯ ಮನಸ್ಸನ್ನು ವಾಚಕರೇ ಊಹಿಸಿಕೊಳ್ಳಲಿ.

ನಿತ್ಯದ ಬಾಳು ಸುಖದ್ದಾಗಿರಲಿಲ್ಲ. ಅಂತಃಪುರದೊಳಗೆ ವಾಸಿಸಲು ಆಕೆ ಒಪ್ಪಲಿಲ್ಲ. ಗೋಡೆಯ ಹೊರಗೆ ಬೇರೆ ಮನೆ ಬೇಕೆಂದು ಹಟ ಹಿಡಿದಳು. ಮೊದಲು ತೋರಿಸಿದ್ದು ಮೀನುಪೇಟೆಯ ಬಳಿಯ ಹೊಲಸು ಮನೆಯೆಂದು ಆಕೆಯೇ ಬರೆದಿದ್ದಾಳೆ. ವಾಗ್ದಾನವಿತ್ತ ಮನೆಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಪಾಠ ನಡೆಯುತ್ತಿದ್ದುದು ಅರಮನೆಯೊಳಗಣ ಮಂದಿರದ ಮಂಟಪವೊಂದರಲ್ಲಿ. ಉದ್ದನೆಯ ಮೇಜಿನ ಸುತ್ತ ಅರಸುಮಕ್ಕಳು, ಮೇಜಿನ ಮೇಲೆ ವೆಬ್‌ಸ್ಟರನ ಕಾಗುಣಿತದ ಪುಸ್ತಕಗಳು. ಮೋಂಗ್‌ಕುಟನಿಗೆ ಒಟ್ಟು 82 ಮಕ್ಕಳೆಂದು ಲೆಕ್ಕ. ಎಲ್ಲರೂ ಒಮ್ಮೆಗೇ ಪಾಠಕ್ಕೆ ಕುಳಿತವರಲ್ಲವೆಂಬುದು ಬೇರೆ ಮಾತು. ಮಕ್ಕಳೊಡನೆ ಕೆಲವು ರಾಣಿಯರೂ ಅಕ್ಷರ ತಿದ್ದಿದರು. ಎಲ್ಲರಿಗೂ ಆಕೆ ಮೇಮ್. ಪಾಠ ಮುಗಿದ ಮೇಲೂ ಬಿಡುವಿಲ್ಲ. ಅರಸನ ಇಂಗ್ಲಿಷ್ ಪತ್ರಗಳನ್ನು ತಿದ್ದುವ, ಬರೆಯುವ ಹೊರೆ ಆಕೆಯ ಮೇಲೆಯೇ ಬಿದ್ದಿತು. ಉಪಾಧ್ಯಾಯಿನಿಯೆಂದು ಕರೆಸಿ ಗುಮಾಸ್ತೆಯ ಕೆಲಸವನ್ನೂ ಹೊರಿಸುವುದು ಅರಮನೆಗಳಲ್ಲಿ ಮಾತ್ರ ಕಾಣುವ ಸಂಗತಿಯಲ್ಲ.

ಶಿಷ್ಯರಲ್ಲಿ ಇಬ್ಬರನ್ನು ಹೆಸರಿಸಲೇಬೇಕು. ಒಬ್ಬನು 1853ರಲ್ಲಿ ಹುಟ್ಟಿದ ರಾಜಕುಮಾರ ಚುಲಾಲಾಂಗ್‌ಕೋರ್ನ್. ಸಂಸ್ಕೃತದ ಚೂಡಾಲಂಕರಣವೇ ಆ ಹೆಸರಿನ ಮೂಲ. ಇನ್ನೊಬ್ಬಳು ಆತನ ತಂಗಿ, ಅರಸನ ಕಣ್ಮಣಿ, ಚಂದ್ರಮಂಡಲವೆಂಬ ಅರ್ಥದ ಹೆಸರುಳ್ಳ ಬಾಲೆ. ಅವಳನ್ನು ಫಾ-ಯಿಂಗ್ ಎಂದು ಕರೆಯುತ್ತಿದ್ದರು. 1863ರ ಮೇ ತಿಂಗಳಿನಲ್ಲಿ ಬ್ಯಾಂಕಾಕಿನಲ್ಲಿ ಕಾಲರಾ ಹಬ್ಬಿದಾಗ ಎಂಟು ವರ್ಷದ ಆ ಮಗುವಿಗೂ ತಗುಲಿತು. ಅರಮನೆಯಿಂದ ಕರೆ ಬಂದೊಡನೆ ತಾನು ನದಿಯ ಮೇಲೆ ದೋಣಿಯಲ್ಲಿ ಧಾವಿಸಿದ್ದನ್ನು, ಎದೆಯೊಡೆದು ಅಳುತ್ತಿದ್ದ ಅರಸನನ್ನು ಕಂಡದ್ದನ್ನು ಆ್ಯನಾ ಬರೆದಿಟ್ಟಿದ್ದಾಳೆ. ಆಕೆಯ ಬರಹದಲ್ಲಿ ಅತಿಶಯೋಕ್ತಿ ಬಹಳ. ಆದರೂ ಈ ಪುಟಗಳನ್ನು ನಾವು ಸಂಶಯಿಸಲಾರೆವು. ತನ್ನವೇ ಎರಡು ಶಿಶುಗಳನ್ನು ಮಣ್ಣಿಗಿಟ್ಟ ತಾಯಿಯ ಲೇಖನಿಯದು.

ಐದು ವರ್ಷಗಳ ದುಡಿಮೆಯಿಂದ ಆರೋಗ್ಯ ಕೆಟ್ಟು, 1867ರ ಜುಲೈಯಲ್ಲಿ ಆಕೆ ರಜೆಯ ಮೇಲೆ ಹೊರಟಳು. ಮರಳುವ ಮಾತುಕತೆ ನಡೆದಿರುವಾಗಲೇ, 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ನೋಡಲು ಕಾಡುಪ್ರದೇಶಕ್ಕೆ ಹೋಗಿದ್ದ ಅರಸನು ಮಲೇರಿಯಾ ಹಿಡಿದು ಅಕ್ಟೋಬರ್ 1ರಂದು ಮರಣಹೊಂದಿದನು. ಹದಿನೈದು ವರ್ಷದ ಶಿಷ್ಯನು ಸಿಂಹಾಸನವೇರಿದನು. ಅರಸನೆದುರು ನೆಲಕ್ಕೊರಗುವ ಪದ್ಧತಿಯನ್ನು ಆತನು 1873ರಲ್ಲಿ ನಿಲ್ಲಿಸಿದನು. ಗುಲಾಮಗಿರಿಯನ್ನು 1874ರಿಂದ ಹಂತಹಂತವಾಗಿ ಕಳೆಯುತ್ತ 1905ರಲ್ಲಿ ತೊಡೆದುಹಾಕಿದನು. ಇದೆಲ್ಲ ತನ್ನ ಬೋಧನೆಯ ಫಲವೆಂದು ಆ್ಯನಾ ಭಾವಿಸಿದಳು. ಇತಿಹಾಸಕಾರರು ಅಷ್ಟನ್ನು ಒಪ್ಪುವುದಿಲ್ಲ. ತಂದೆ ಮೋಂಗ್‌ಕುಟನ ಪಾಲೂ ಅದರಲ್ಲಿ ದೊಡ್ಡದೆಂಬುದೇ ನಮ್ಮ ಅಭಿಪ್ರಾಯ.

ಕೈಯಲ್ಲಿ ಕಾಸಿಲ್ಲದೆ ಅಮೆರಿಕ ಸೇರಿದ ಆಕೆ ಲೇಖನಿ ಹಿಡಿದಳು. 1870 ಹಾಗೂ 1873ರಲ್ಲಿ ಬಂದ ಎರಡು ಪುಸ್ತಕಗಳು ಆಕೆಗೆ ಹೆಸರು ತಂದವು. ಅವುಗಳಲ್ಲಿ, ವಿಶೇಷವಾಗಿ ಎರಡನೆಯದರಲ್ಲಿ, ಅರಸನು ಕ್ರೂರಿಯಾಗಿ ಕಾಣಿಸುವ ಕಟ್ಟುಕಥೆಗಳೂ ಬೆರೆತವು. ತನಗೆ ಅನ್ನವಿತ್ತವನ ಬಗ್ಗೆ ಹೀಗೆ ಬರೆದದ್ದನ್ನು ಜನ್ಮವೃತ್ತಾಂತದ ಸುಳ್ಳಿನಷ್ಟು ಸುಲಭವಾಗಿ ಮನ್ನಿಸಲು ನಮಗಾಗದು. 1897ರಲ್ಲಿ ಚುಲಾಲಾಂಗ್‌ಕೋರ್ನ್ ಅರಸನು ಲಂಡನ್ನಿಗೆ ಬಂದಾಗ, ಮೂವತ್ತು ವರ್ಷಗಳ ಬಳಿಕ ಗುರುಶಿಷ್ಯರು ಮುಖಾಮುಖಿಯಾದರು. ಆತನು ಕಲಿಸಿದ್ದಕ್ಕಾಗಿ ಕೃತಜ್ಞತೆ ಸಲ್ಲಿಸಿದನು; ತಂದೆಯನ್ನು ಹಾಗೇಕೆ ಚಿತ್ರಿಸಿದಿರೆಂದು ನೊಂದು ಪ್ರಶ್ನಿಸಿದನೆಂದು ಜೊತೆಗಿದ್ದ ಮೊಮ್ಮಗಳು ತಿಳಿಸಿದ್ದಾಳೆ.

ಮಗ ಲೂಯಿಸ್ ಸಯಾಮಿಗೇ ಮರಳಿ, ಅದೇ ಅರಸನ ಅಶ್ವದಳದಲ್ಲಿ ಕ್ಯಾಪ್ಟನ್ ಆಗಿ, ಮುಂದೆ ತೇಗದ ವ್ಯಾಪಾರದಲ್ಲಿ ಏಳಿಗೆ ಹೊಂದಿದನು. ಆ್ಯನಾ ಮಗಳೊಡನೆ ಕೆನಡಾದಲ್ಲಿ ನೆಲೆಸಿ, 1887ರಲ್ಲಿ ಹ್ಯಾಲಿಫ್ಯಾಕ್ಸಿನಲ್ಲಿ ಕಲಾಶಾಲೆಯೊಂದರ ಸ್ಥಾಪನೆಗೆ ಶ್ರಮಿಸಿದಳು. ಮೊಮ್ಮಕ್ಕಳ ಓದನ್ನು ತಾನೇ ನೋಡಿಕೊಂಡಳು. 1915ರ ಜನವರಿ 19ರಂದು, ಎಂಬತ್ಮೂರನೆಯ ವಯಸ್ಸಿನಲ್ಲಿ, ಮಾಂಟ್ರಿಯಲ್ಲಿನಲ್ಲಿ ಕೊನೆಯುಸಿರೆಳೆದಳು. ಅಲ್ಲಿಯ ಸಮಾಧಿಯ ಕಲ್ಲಿನ ಮೇಲೆ ಆಕೆಯನ್ನು ಮೇಜರ್ ಲಿಯನೋವೆನ್ಸರ ಪ್ರಿಯ ಪತ್ನಿಯೆಂದೇ ಕೆತ್ತಲಾಗಿದೆ.