ನೀರು ತಂದ ದಿವಾನರು, ಬೆನ್ನಿಗೇ ಬಂದ ಚಳಿಜ್ವರ

ಸರ್ ಮಿರ್ಜಾ ಇಸ್ಮಾಯಿಲ್ ಅಂದರೆ ನಮ್ಮ ಕಡೆ ಜನಕ್ಕೆ ಥಟ್ಟನೆ ನೆನಪಾಗೋದು ಬೃಂದಾವನ. ಕನ್ನಂಬಾಡಿ ಕಟ್ಟೆ ಕೆಳಗಿನ ಬಣ್ಣದ ದೀಪ, ಕಾರಂಜಿ, ಸಿನಿಮಾ ಶೂಟಿಂಗು. ಸ್ವಲ್ಪ ವಯಸ್ಸಾದವರನ್ನು ಕೇಳಿದರೆ ಮಂಡ್ಯದ ಸಕ್ಕರೆ ಕಾರ್ಖಾನೆ ಹೇಳುತ್ತಾರೆ, ಇರ್ವಿನ್ ನಾಲೆ ಹೇಳುತ್ತಾರೆ. ಸರಿ, ಅದೆಲ್ಲ ನಿಜವೇ. ಆದರೆ ಈ ದಿವಾನರ ಕಾಲದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಜನರ ಮೈಯಾರೋಗ್ಯ ಏನಾಯ್ತು? ಇದನ್ನು ಕೇಳಿದವರು ಕಡಿಮೆ. ಇವತ್ತಿನ ಅಂಕಣ ಅದಕ್ಕೇ ಮೀಸಲು.

ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ತಾತ ಅಲಿ ಅಸ್ಕರ್ ಪರ್ಷಿಯಾ ದೇಶದಿಂದ ಕುದುರೆ ವ್ಯಾಪಾರಕ್ಕೆ ಬಂದು ನೆಲೆಸಿದವರು. ಬೆಂಗಳೂರಿನಲ್ಲಿ ಇವತ್ತಿಗೂ ಅವರ ಹೆಸರಿನ ರಸ್ತೆ ಇದೆ. ಮೊಮ್ಮಗನಿಗೆ ಒದಗಿದ ಅದೃಷ್ಟ ಏನಪ್ಪಾ ಅಂದರೆ, ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆಗೇ ಕೂತು ಪಾಠ ಕಲಿತದ್ದು. ಇಬ್ಬರಿಗೂ ವಯಸ್ಸಿನಲ್ಲಿ ಒಂದು ವರ್ಷದ ಅಂತರವೂ ಇಲ್ಲ. ಸೆಂಟ್ರಲ್ ಕಾಲೇಜಿನಲ್ಲಿ 1905ರಲ್ಲಿ ಪದವಿ, ಆಮೇಲೆ ಪೊಲೀಸ್ ಇಲಾಖೆಯಲ್ಲಿ ಸಣ್ಣ ಅಧಿಕಾರಿ, ಅಲ್ಲಿಂದ ಅರಮನೆ ಕಚೇರಿ, 1922ರಲ್ಲಿ ಮಹಾರಾಜರ ಖಾಸಗಿ ಕಾರ್ಯದರ್ಶಿ, 1926ರಲ್ಲಿ ದಿವಾನಗಿರಿ. ಪೂರಾ 15 ವರ್ಷ ಆ ಕುರ್ಚಿಯಲ್ಲಿ ಕೂತರು. ವಿಶ್ವೇಶ್ವರಯ್ಯನವರಿಗೂ ಅಷ್ಟು ವರ್ಷ ಸಿಕ್ಕಿರಲಿಲ್ಲ.

ಮಿರ್ಜಾ ಅವರಿಗೆ ಒಂದು ಗೀಳು ಇತ್ತು. ಕೊಳೆ ಕಂಡರೆ ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕುದುರೆ ಹತ್ತಿ ಊರು ಸುತ್ತೋದು, ಚರಂಡಿ ಕಟ್ಟಿದೆಯಾ, ಬೇಲಿ ಮುರಿದಿದೆಯಾ, ತಿಪ್ಪೆ ತೆಗೆದಿಲ್ಲವಾ ಅಂತ ನೋಡೋದು, ಮನೆಗೆ ಬಂದು ಆಯಾ ಅಧಿಕಾರಿಗೆ ಚೀಟಿ ಕಳಿಸೋದು. ದಿವಾನರು ಬರ್ತಾರೆ ಅಂದರೆ ಮುನಿಸಿಪಾಲಿಟಿಯವರಿಗೆ ನಿದ್ದೆ ಹಾರಿಹೋಗುತ್ತಿತ್ತು. ರಾಜ್ಯದ ಆದಾಯ-ವೆಚ್ಚ ನೋಡಬೇಕಾದ ದಿವಾನರು ಮೋರಿ ನೋಡಿಕೊಂಡು ತಿರುಗ್ತಾರಲ್ಲ ಅಂತ ನಕ್ಕವರೂ ಇದ್ದರು. ನಮ್ಮ ಪೇಟೆ ಬೀದಿಯ ಅಂಗಡಿಯವರನ್ನು ಕೇಳಿದರೆ ಅಂಥವರು ಈಗಲೂ ಒಬ್ಬರು ಬೇಕು ಅಂತಾರೆ, ಅದು ಬೇರೆ ಮಾತು.

ಇವರ ಕಾಲದಲ್ಲಿ ಆದ ಆರೋಗ್ಯದ ಕೆಲಸ ಕಡಿಮೆಯದಲ್ಲ. ಬೆಂಗಳೂರಿನ ವಾಣಿವಿಲಾಸ ಹೆರಿಗೆ ಆಸ್ಪತ್ರೆ ಬಾಗಿಲು ತೆರೆದದ್ದು 1935ರಲ್ಲಿ. 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಜಗತ್ತಿನಲ್ಲಿ ಯಾವ ಸರ್ಕಾರವೂ ಅದಕ್ಕೆ ಮೊದಲು ಅಂಥ ಧೈರ್ಯ ಮಾಡಿರಲಿಲ್ಲ ಅನ್ನುತ್ತಾರೆ. ಇದೆಲ್ಲ ಬೆಂಗಳೂರು, ಮೈಸೂರಿನ ಸುದ್ದಿ. ನಮಗೆ ಬೇಕಾದ್ದು ನಮ್ಮ ಹಳ್ಳಿಗಳ ಸುದ್ದಿ.

ಚಳಿಜ್ವರ ನಮ್ಮ ಸೀಮೆಗೆ ಹೊಸದಲ್ಲ ಕಣ್ರೀ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಇಂಗ್ಲಿಷ್ ಪಟಾಲಂ ಹತ್ತು-ಹನ್ನೆರಡು ವರ್ಷ ತಾಳೋದರೊಳಗೆ ಗಂಟುಮೂಟೆ ಕಟ್ಟಿ ಬೆಂಗಳೂರು ದಂಡಿಗೆ ಓಡಿತು. ಓಡಿಸಿದ್ದು ಯಾವ ಶತ್ರು ಸೈನ್ಯವೂ ಅಲ್ಲ, ಜ್ವರ. ಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಗೋರಿಗಳ ಸಾಲು ನೋಡಿದರೆ ದೊರೆಗಳ ಹೆಂಗಸರು ಮಕ್ಕಳು ಕೂಡ ಇಲ್ಲಿ ಎಷ್ಟು ಮಂದಿ ಹೋದರು ಅಂತ ಗೊತ್ತಾಗುತ್ತೆ. ಪಟ್ಟಣದ ಸುತ್ತ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ ಅಂತ ಹಳೇ ನೀರು, ಹಳೇ ಗದ್ದೆ. ದೊರೆಗಳಿಗೆ ಬೆಂಗಳೂರಿಗೆ ಹೋಗೋ ದಾರಿ ಇತ್ತು. ಇಲ್ಲಿಯ ಒಕ್ಕಲು, ಇಲ್ಲಿಯ ಕೂಲಿ ಎಲ್ಲಿಗೆ ಹೋದಾನು? ಜ್ವರದ ಜೊತೆಗೇ ಬಾಳಿದ, ಹೊಟ್ಟೆಯಲ್ಲಿ ಜ್ವರಗಡ್ಡೆ ಇಟ್ಟುಕೊಂಡೇ ಗದ್ದೆಗಿಳಿದ.

ಹೀಗಿರುವಾಗ ಕನ್ನಂಬಾಡಿ ಬಂತು. 1911ರಲ್ಲಿ ಶುರುವಾದ ಕಟ್ಟೆ ಮುಗಿಯುವ ಹೊತ್ತಿಗೆ 1930 ದಾಟಿತ್ತು. ಅಣೆಕಟ್ಟೆ ವಿಶ್ವೇಶ್ವರಯ್ಯನವರ ಲೆಕ್ಕಕ್ಕೆ ಸೇರುತ್ತೆ, ಆದರೆ ಆ ನೀರನ್ನು ಹುಲಿಕೆರೆ ಸುರಂಗ ತೂರಿಸಿ ಬಯಲುಸೀಮೆಗೆ ಹರಿಸಿದ್ದು ಮಿರ್ಜಾ ಅವರ ಆಡಳಿತ. ವೈಸರಾಯ್ ಇರ್ವಿನ್ ಹೆಸರು ಇಟ್ಟರು. ಈಗ ಅದು ವಿಶ್ವೇಶ್ವರಯ್ಯ ನಾಲೆ. ಕಬ್ಬು ಬಂತು, 1933ರಲ್ಲಿ ಮೈಷುಗರ್ ಬಂತು, ಕೃಷಿ ಇಲಾಖೆಯ ಕೋಲ್ಮನ್ ಸಾಹೇಬರು ಅದಕ್ಕೆ ಹೆಗಲು ಕೊಟ್ಟರು. ರಾಗಿ ಅಂಬಲಿ ಕುಡಿದು ಮಳೆಗೆ ಮುಖ ಮಾಡಿ ಕೂತಿದ್ದ ರೈತ ಅನ್ನ ಕಂಡ, ಕೈಯಲ್ಲಿ ಕಾಸು ಕಂಡ. ಇದನ್ನು ಇಲ್ಲ ಅನ್ನೋರ ಬಾಯಿಗೆ ಮಣ್ಣು.

ಆದರೆ ನೀರಿನ ಹಿಂದೆಯೇ ಸೊಳ್ಳೆಯೂ ಬಂತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಮುಕ್ಕಾಲು ಪಾಲು ಜನ ಇದನ್ನು ತಪ್ಪು ತಿಳಿದಿದ್ದಾರೆ. ಚರಂಡಿ ಕೊಚ್ಚೆಯಲ್ಲಿ ಹುಟ್ಟೋ ಸೊಳ್ಳೆ ಬೇರೆ, ಮಲೇರಿಯಾ ಹಚ್ಚೋ ಸೊಳ್ಳೆ ಬೇರೆ. ಮಲೇರಿಯಾದ ಅನಾಫಿಲಿಸ್ ಸೊಳ್ಳೆಗೆ ನಮ್ಮ ಸೀಮೆಯಲ್ಲಿ ಬೇಕಾದ್ದು ತಿಳಿನೀರು. ನಾಲೆ ಏರಿಯಿಂದ ಜಿನುಗಿ ನಿಂತ ಬಸಿ ನೀರು, ಏರಿ ಕಟ್ಟೋಕೆ ಮಣ್ಣು ತೆಗೆದು ಹಾಗೇ ಬಿಟ್ಟ ಗುಂಡಿ, ಎತ್ತಿನ ಗೊರಸಿನ ಹಳ್ಳ, ಹೊಸದಾಗಿ ನಾಟಿ ಮಾಡಿದ ಗದ್ದೆ, ಸೇದೋ ಬಾವಿ. ಇವೆಲ್ಲ ಕಣ್ಣಿಗೆ ಕೊಳೆಯಾಗಿ ಕಾಣೋದೇ ಇಲ್ಲ. ಮೋರಿ ಕಂಡರೆ ಕೆಂಡ ಕಾರುತ್ತಿದ್ದ ದಿವಾನರು ನಾಲೆ ಮಗ್ಗುಲಲ್ಲಿ ಕುದುರೆ ಓಡಿಸಿಕೊಂಡು ಹೋದರೆ ಅವರಿಗೆ ಕಾಣೋದು ಹಸಿರು, ಕನ್ನಡಿಯಂಥ ನೀರು. ಆ ನೀರಲ್ಲೇ ಜ್ವರದ ಮರಿ ಆಡುತ್ತಿತ್ತು.

ಹಾಗಂತ ಅವರ ಸರ್ಕಾರ ಕಣ್ಣು ಮುಚ್ಚಿ ಕೂತಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆ ಒಪ್ಪಂದ ಆಯ್ತು. ರಾಕ್‌ಫೆಲರ್ ಅಂದರೆ ಸೀಮೆಎಣ್ಣೆ ವ್ಯಾಪಾರದಲ್ಲಿ ಕೋಟಿ ಕೋಟಿ ಮಾಡಿದವರು. ನಮ್ಮ ಅಜ್ಜಿಯರ ಬುಡ್ಡಿದೀಪದ ಕಾಸೂ ಅದರೊಳಗೆ ಸೇರಿರಬಹುದು! ಆ ಪ್ರತಿಷ್ಠಾನದ ಡಾಕ್ಟರ್ ಸ್ವೀಟ್ ಅನ್ನುವವರು ಮೈಸೂರಿಗೆ ಬಂದರು. ಮಲೇರಿಯಾ ಅಭ್ಯಾಸ ಮಾಡೋಕೆ ಮೂರು ಕೇಂದ್ರ ತೆರೆದರು: ಮಲೆನಾಡಿಗೆ ಮೂಡಿಗೆರೆ, ಬಯಲಿಗೆ ಹಿರಿಯೂರು ಕಡೆಯ ಮಾರಿಕಣಿವೆ, ನಾಲೆ ಗದ್ದೆಯ ಸೀಮೆಗೆ ನಮ್ಮ ಪಟ್ಟಣಕ್ಕೂ ಮೈಸೂರಿಗೂ ನಡುವಿನ ನಾಗನಹಳ್ಳಿ. ಮೈಸೂರು ರೈಲು ಹತ್ತುವವರು ದಿನಾ ನೋಡೋ ಅದೇ ನಾಗನಹಳ್ಳಿ.

ಕೆಲಸ ಹೇಗೆ ನಡೀತಿತ್ತು ಅಂದರೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಪಕ್ಕೆ ಕೆಳಗೆ ಬೆರಳಿಟ್ಟು ಗಡ್ಡೆ ಸಿಗುತ್ತಾ ನೋಡೋದು. ಎಷ್ಟು ಮಕ್ಕಳಿಗೆ ಗಡ್ಡೆ ಇದೆಯೋ ಅದರ ಮೇಲೆ ಆ ಊರಿನ ಜ್ವರದ ಲೆಕ್ಕ. ಆಮೇಲೆ ಪ್ಯಾರಿಸ್ ಗ್ರೀನ್ ಅನ್ನೋ ಹಸಿರು ಪುಡಿಯನ್ನು ರಸ್ತೆ ಧೂಳಿನಲ್ಲಿ ಬೆರೆಸಿ ನಿಂತ ನೀರ ಮೇಲೆ ಎರಚೋದು. ಅದು ಪಾಷಾಣದ ಪುಡಿ. ನೀರ ಮೇಲೆ ತೇಲೋ ಪುಡಿಯನ್ನು ಸೊಳ್ಳೆಮರಿ ತಿಂದು ಸಾಯುತ್ತೆ. ಊರಿನ ಸುತ್ತ ಒಂದಷ್ಟು ನೆಲವನ್ನು ಗದ್ದೆ ಮಾಡದೆ ಒಣಗಲು ಬಿಡಬೇಕು ಅನ್ನೋದು ಆ ಕಾಲದ ಮಲೇರಿಯಾ ತಜ್ಞರ ಇನ್ನೊಂದು ಪಾಠ. ಹೇಳೋಕೆ ಸುಲಭ. ಊರೊಟ್ಟಿಗಿನ ಅರ್ಧ ಎಕರೆಯೇ ಆಸ್ತಿ ಆದವನಿಗೆ ನೀರು ಬಂದ ಮೇಲೆ ಒಣಗಿಸು ಅಂದರೆ ಅವನು ಏನು ತಿನ್ನಬೇಕು?

1929ರ ಸುಮಾರಿಗೆ ಮಂಡ್ಯದಲ್ಲಿ ಹೆಲ್ತ್ ಯೂನಿಟ್ ಬಂತು. ಭಾರತದಲ್ಲೇ ಮೊದಮೊದಲ ಹೆಲ್ತ್ ಯೂನಿಟ್‌ಗಳಲ್ಲಿ ಅದೊಂದು. ರೋಗ ಬಂದ ಮೇಲೆ ಔಷಧಿ ಕೊಡೋ ದವಾಖಾನೆ ಅಲ್ಲ ಅದು. ಹುಟ್ಟು-ಸಾವು ಬರೆದುಕೊಳ್ಳೋದು, ಸಿಡುಬಿಗೆ ದೇವಿ ಹಾಕೋದು, ಕಾಲರಾ ಚುಚ್ಚುಮದ್ದು, ಬಸುರಿ ಬಾಣಂತಿಯರ ಮನೆಗೆ ಹೋಗಿ ನೋಡೋದು, ಬಾವಿ ನೀರಿಗೆ ಔಷಧಿ ಹಾಕೋದು. ಇವತ್ತಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದು ಅಜ್ಜ ಅನ್ನಬಹುದು. ಇದಕ್ಕೆ ಮಿರ್ಜಾ ಆಡಳಿತಕ್ಕೆ ಕೈ ಮುಗಿಯಲೇಬೇಕು.

ಈಗ ನನ್ನ ತಕರಾರು. ಯೂನಿಟ್ ಮಂಡ್ಯಕ್ಕೇ ಯಾಕೆ ಬಂತು? ಅಲ್ಲಿ ರೈಲಿತ್ತು, ನಾಲೆ ಬರುವುದಿತ್ತು, ಹಿಂದೆಯೇ ಸಕ್ಕರೆಯ ಹಣ ಬರುವುದಿತ್ತು. ಆರೋಗ್ಯ ಇಲಾಖೆ ನೀರಿನ ದಾರಿಯಲ್ಲೇ ನಡೆಯಿತು. ನಾಗಮಂಗಲದಲ್ಲಿ ಆಗ ರೈಲೂ ಇಲ್ಲ, ನಾಲೆಯೂ ಇಲ್ಲ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ಗುಳೆ. ಕೆ.ಆರ್. ಪೇಟೆಗೆ ಹೇಮಾವತಿಯ ಮಂದಗೆರೆ, ಹೇಮಗಿರಿ ಅಣೆಗಳ ಹಳೇ ನಾಲೆ ಇದ್ದರೂ ಅದು ಹೊಳೆ ದಂಡೆಯ ಊರುಗಳ ಭಾಗ್ಯ. ಒಳಗಿನ ಹಳ್ಳಿಗಳು ಒಣಗಿಯೇ ಇದ್ದವು. ಆಗ ಫ್ರೆಂಚ್ ರಾಕ್ಸ್ ಅಂತ ಕರೆಸಿಕೊಳ್ಳುತ್ತಿದ್ದ ಪಾಂಡವಪುರದ್ದು ಎರಡು ಮುಖ: ಕೆಳಗೆ ನಾಲೆ ಬಯಲು, ಮೇಲುಕೋಟೆ ಕಡೆ ಹೋದರೆ ಕಲ್ಲು ಗುಡ್ಡ. ಹೀಗೆ ನೀರು ಸಿಕ್ಕವನಿಗೆ ಅನ್ನವೂ ಜ್ವರವೂ ಡಾಕ್ಟರೂ ಒಟ್ಟಿಗೆ ಬಂದರು. ನೀರು ಸಿಗದವನಿಗೆ ಮೂರರಲ್ಲಿ ಒಂದೂ ಬರಲಿಲ್ಲ, ಹಳೇ ಹಸಿವು ಹಳೇ ಕಾಯಿಲೆ ಹಾಗೇ ಉಳಿದವು.

ನಾಲೆ ಊರಿನ ಒಳಗೂ ಎಲ್ಲರಿಗೂ ಒಂದೇ ಆಗಿರಲಿಲ್ಲ. ಕಬ್ಬು ಬೆಳೆದ ಗೌಡನಿಗೆ ಜ್ವರ ಬಂದರೆ ಕ್ವಿನೈನ್ ತರಿಸೋ ಶಕ್ತಿ ಇತ್ತು, ಹತ್ತು ದಿನ ಮಲಗಿದರೆ ಮನೆ ನಡೆಯುತ್ತಿತ್ತು. ಅವನ ಗದ್ದೆಗೆ ನಾಟಿಗೆ ಬಂದ ಹೊಲಗೇರಿಯ ಹೆಣ್ಣಾಳು, ನಾಲೆಗೆ ಮಣ್ಣು ಹೊತ್ತ ಒಡ್ಡರ ಕೂಲಿ ಮಲಗಿದರೆ ಒಲೆಯೂ ಮಲಗುತ್ತಿತ್ತು. ಕೇರಿ ಇದ್ದದ್ದೇ ಊರಿನ ತಗ್ಗಿನಲ್ಲಿ, ಬಸಿ ನೀರು ಇಳಿಯೋ ಕಡೆ. ಸೊಳ್ಳೆಗೆ ಜಾತಿ ಗೊತ್ತಿಲ್ಲ ನಿಜ, ಆದರೆ ಯಾರ ಗುಡಿಸಲು ತಗ್ಗಿನಲ್ಲಿರಬೇಕು ಅಂತ ತೀರ್ಮಾನ ಮಾಡಿದವರಿಗೆ ಗೊತ್ತಿತ್ತು.

ರೈತರು ಸುಮ್ಮನೆ ಇರಲಿಲ್ಲ. ಇರ್ವಿನ್ ನಾಲೆಯ ಹಣಕಾಸಿನ ಹೊರೆ, ನೀರಿನ ಹಂಚಿಕೆ ವಿಷಯದಲ್ಲಿ 1930ರ ದಶಕದ ಮೊದಲಲ್ಲೇ ಚಳವಳಿ ಎದ್ದಿತು. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳು ವಿದುರಾಶ್ವತ್ಥದ ಗೋಲಿಬಾರು. ಮಿರ್ಜಾ ಹೆಸರು ಕಾಂಗ್ರೆಸ್ಸಿಗರ ಬಾಯಲ್ಲಿ ಕಹಿಯಾಯ್ತು. ಮೋರಿಯ ಕಲ್ಲು ಸರಿದರೆ ತಿಳಿಯುತ್ತಿದ್ದ ದಿವಾನರಿಗೆ ಜನರ ಮನಸ್ಸು ಸರಿದದ್ದು ತಡವಾಗಿ ತಿಳಿಯಿತು ಅಂತ ನನಗನ್ನಿಸುತ್ತೆ. 1939ರ ಜುಲೈ 1ರಂದು ಮೈಸೂರು ಜಿಲ್ಲೆ ಒಡೆದು ಮಂಡ್ಯ ಜಿಲ್ಲೆ ಆಯ್ತು. ನಮ್ಮ ನಾಲ್ಕೂ ತಾಲ್ಲೂಕು ಅದರೊಳಗೆ ಬಂದವು. ಕಾಯಿಲೆ ಬಿದ್ದರೆ ಮೈಸೂರಿಗೆ ಓಡೋ ಅಭ್ಯಾಸ ಮಾತ್ರ ಹೋಗಲಿಲ್ಲ.

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಮಾರನೇ ವರ್ಷ ಮಿರ್ಜಾ ರಾಜೀನಾಮೆ ಕೊಟ್ಟರು. ಜೈಪುರಕ್ಕೆ ಹೋದರು, ಅಲ್ಲಿಯೂ ಬೀದಿ ತಿದ್ದಿದರು. ಆ ಊರಿನ ದೊಡ್ಡ ರಸ್ತೆಗೆ ಇವತ್ತಿಗೂ ಅವರದೇ ಹೆಸರು. 1946-47ರಲ್ಲಿ ಹೈದರಾಬಾದಿನಲ್ಲಿ ಕೆಲವು ತಿಂಗಳು. ಕೊನೆಗೆ ಬೆಂಗಳೂರಿನ ಮನೆಗೆ ಬಂದರು, 1959ರ ಜನವರಿ 5ರಂದು ತೀರಿಕೊಂಡರು.

ಅವರು ಸಾಯೋ ಹೊತ್ತಿಗೆ ನಾಲೆ ಊರುಗಳ ಗೋಡೆ ಮೇಲೆ ಡಿ.ಡಿ.ಟಿ. ಬಿಳಿ ಕಲೆ ಬಿದ್ದಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಔಷಧಿ ಹೊಡೆಯೋರು ಬಂದು ಬಾಗಿಲ ಪಕ್ಕ ತಾರೀಖು ಬರೆದು ಹೋಗೋರು. ಮಲೇರಿಯಾ ಹೋಯ್ತು ಅಂತ ಎಲ್ಲ ನಿಟ್ಟುಸಿರು ಬಿಟ್ಟರು. ಸೊಳ್ಳೆ ಔಷಧಿಗೆ ಒಗ್ಗಿಕೊಂಡಿತು, ಸರ್ಕಾರ ಮೈಮರೆಯಿತು, 1976ರಲ್ಲಿ ದೇಶದಲ್ಲಿ 64 ಲಕ್ಷ ಕೇಸು. ಅದೇ 1970ರ ದಶಕದ ಕೊನೆಯಿಂದ ಮಂಡ್ಯ ಜಿಲ್ಲೆಯ ಗದ್ದೆ ಬಯಲಿಗೆ ಮಿದುಳುಜ್ವರ ಬಂದು ಮಕ್ಕಳನ್ನು ಕೊಂದಿತು. ಅದಕ್ಕೂ ಭತ್ತದ ಗದ್ದೆಯ ಸೊಳ್ಳೆಯೇ ವಾಹನ. ಹಂದಿ, ಬೆಳ್ಳಕ್ಕಿಗಳಲ್ಲಿದ್ದ ವಿಷವನ್ನು ಅದು ಮಕ್ಕಳಿಗೆ ಮುಟ್ಟಿಸುತ್ತಿತ್ತು. ಮಿರ್ಜಾ ಕಾಲದ ಲೆಕ್ಕ ಅವರ ಜೊತೆಗೆ ಮುಗಿಯಲಿಲ್ಲ.

ನಾಗಮಂಗಲ? ಗೊರೂರಿನ ಹೇಮಾವತಿ ಕಟ್ಟೆ ಮುಗಿದದ್ದೇ 1979ರಲ್ಲಿ, ನಾಲೆ ಇತ್ತ ಬರೋಕೆ ಇನ್ನೂ ಕಾಲ ಹಿಡಿಯಿತು. ಅಲ್ಲಿಯವರೆಗೆ ಬಾವಿ, ಆಮೇಲೆ ಕೊಳವೆಬಾವಿ. ಕೊಳವೆ ಆಳಕ್ಕೆ ಇಳಿದ ಕಡೆಯೆಲ್ಲ ಎಷ್ಟೋ ಹಳ್ಳಿಗಳಲ್ಲಿ ನೀರಿನ ಜೊತೆ ಫ್ಲೋರೈಡ್ ಮೇಲೆ ಬಂತು. ಹಲ್ಲು ಹಳದಿಯಾಯ್ತು, ಹೆಚ್ಚು ಕುಡಿದವರ ಮೂಳೆ ಬಿಗಿಯಾಯ್ತು. ಮೆಡಿಕಲ್ ಕಾಲೇಜು ಆ ತಾಲ್ಲೂಕಿಗೆ ಬಂದದ್ದು 1986ರಲ್ಲಿ, ಬೆಳ್ಳೂರು ಬಳಿಯ ಬಿ.ಜಿ. ನಗರದಲ್ಲಿ. ಅದನ್ನು ಕಟ್ಟಿದ್ದು ಸರ್ಕಾರವಲ್ಲ, ಆದಿಚುಂಚನಗಿರಿ ಮಠ. ಮಂಡ್ಯ ಹೆಲ್ತ್ ಯೂನಿಟ್ಟಿಗೆ ಆಗ ಐವತ್ತು ದಾಟಿತ್ತು.