ವಿನಿಫ್ರೆಡ್ ಕಲ್ಲಿಸ್ ಅಮ್ಮನವರು

ವೈದ್ಯವಿದ್ಯೆಯನ್ನು ಕಲಿಯಬಂದ ಕನ್ಯೆಯರಿಗೆ ನಾಲ್ವತ್ತು ವರ್ಷಗಳ ಕಾಲ ಅಂಗಕ್ರಿಯಾಶಾಸ್ತ್ರವನ್ನು ಬೋಧಿಸಿದ ವಿನಿಫ್ರೆಡ್ ಕಲ್ಲಿಸ್ ಅಮ್ಮನವರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರಿಗಾಗಿ ಸಂಗ್ರಹವಾಗಿ ಬರೆಯುತ್ತೇವೆ. ಹೃದಯ, ಶ್ವಾಸಕೋಶ, ಮೂತ್ರಪಿಂಡ ಮೊದಲಾದುವು ಜೀವಂತ ದೇಹದಲ್ಲಿ ಹೇಗೆ ಕೆಲಸಮಾಡುತ್ತವೆಂಬುದನ್ನು ತಿಳಿಸುವುದೇ ಈ ಶಾಸ್ತ್ರ. ಆರೋಗ್ಯದ ನಡೆಯನ್ನರಿಯದವರಿಗೆ ರೋಗದ ನಡೆಯು ತಿಳಿಯುವುದೆಂತು?

ಅಮ್ಮನವರು 1875ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಜನಿಸಿ, ಬರ್ಮಿಂಗ್‌ಹ್ಯಾಮಿನ ಬಾಲಿಕೆಯರ ಪ್ರೌಢಶಾಲೆಯಲ್ಲಿ ಓದಿ, 1896ರಲ್ಲಿ ಕೇಂಬ್ರಿಜ್ಜಿನ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿದರು. ಗಂಡುಮಕ್ಕಳು ಬರೆದ ಪರೀಕ್ಷೆಯನ್ನೇ ಬರೆದು ತೇರ್ಗಡೆಯಾದರು. ಆದರೆ ಆ ವಿಶ್ವವಿದ್ಯಾನಿಲಯವು ಆಗ ಸ್ತ್ರೀಯರಿಗೆ ಪದವಿಯನ್ನು ಕೊಡುತ್ತಿರಲಿಲ್ಲ. ಪೂರ್ಣ ಪದವಿಯ ಹಕ್ಕು ಅಲ್ಲಿ ಸ್ತ್ರೀಯರಿಗೆ ದೊರೆತದ್ದು 1948ರಲ್ಲಿ. ಅಷ್ಟರಲ್ಲಿ ಅಮ್ಮನವರಿಗೆ ಎಪ್ಪತ್ತು ದಾಟಿತ್ತು. ಪರೀಕ್ಷೆಗೆ ಅಡ್ಡಿಯಿಲ್ಲ, ಪದವಿಗೆ ಮಾತ್ರ ಅಡ್ಡಿ. ಈ ನ್ಯಾಯವು ನಮಗೆ ವಿಚಿತ್ರವಾಗಿ ತೋರುತ್ತದೆ.

1901ರಲ್ಲಿ ಅವರು ಲಂಡನಿನ ಸ್ತ್ರೀಯರ ವೈದ್ಯಶಾಲೆಯಲ್ಲಿ ಪ್ರಯೋಗಗಳನ್ನು ಮಾಡಿತೋರಿಸುವ ಉಪಾಧ್ಯಾಯಿನಿಯಾದರು. ಬೇರೆ ವೈದ್ಯಶಾಲೆಗಳು ಬಾಗಿಲು ಮುಚ್ಚಿದ್ದುದರಿಂದಲೇ ಸೋಫಿಯಾ ಜೆಕ್ಸ್-ಬ್ಲೇಕ್ ಎಂಬಾಕೆಯು 1874ರಲ್ಲಿ ಮುಂದೆ ನಿಂತು ಈ ಶಾಲೆಯನ್ನು ಸ್ಥಾಪಿಸಿದ್ದರು. ನಮ್ಮ ದೇಶದ ರುಖ್ಮಾಬಾಯಿಯವರೂ, ಕಲ್ಲಿಸ್ ಅಮ್ಮನವರು ಬರುವುದಕ್ಕೆ ಕೆಲವು ವರ್ಷ ಮುಂಚೆ, ಇಲ್ಲಿಯೇ ವೈದ್ಯವಿದ್ಯೆಯನ್ನು ಕಲಿತವರು.

ಅಮ್ಮನವರು ಬೋಧಿಸಿದ್ದು ಪುಸ್ತಕದಲ್ಲಿ ಓದಿದ್ದನ್ನು ಮಾತ್ರವಲ್ಲ. ಸ್ವತಃ ಶೋಧನೆ ನಡೆಸಿದವರು. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಬಡಿತದ ಪ್ರೇರಣೆಯನ್ನು ಒಯ್ಯುವ ಸಣ್ಣ ತಂತುಕಟ್ಟೊಂದುಂಟು. ಅದು ಕಡಿದರೆ ಮೇಲಿನವು ಒಂದು ಲಯದಲ್ಲಿಯೂ ಕೆಳಗಿನವು ತಮ್ಮದೇ ನಿಧಾನಲಯದಲ್ಲಿಯೂ ಬಡಿಯುತ್ತವೆ. ಈ ತಂತುಕಟ್ಟನ್ನು ಕುರಿತು ಡಿಕ್ಸನ್ ಎಂಬ ವಿದ್ವಾಂಸರೊಡನೆ ಅಮ್ಮನವರು ಪ್ರಯೋಗಗಳನ್ನು ಮಾಡಿ 1911ರಲ್ಲಿ ಪ್ರಕಟಿಸಿದರು. ಇಷ್ಟಾದರೂ ಅಂಗಕ್ರಿಯಾಶಾಸ್ತ್ರಜ್ಞರ ಸಂಘವು ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1915ರಲ್ಲಿಯೇ. ಮೊದಲು ಆಯ್ಕೆಯಾದ ಆರು ಮಂದಿಯಲ್ಲಿ ಇವರೂ ಒಬ್ಬರು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೂ ಹೋಗಿ ಪಾಠಹೇಳಿ ಬಂದರು. ಯುದ್ಧಾನಂತರ ಪ್ರೊಫೆಸರ್ ಪದವಿಯು ದೊರೆಯಿತು. ಬ್ರಿಟನ್ನಿನ ವೈದ್ಯಶಾಲೆಯೊಂದರಲ್ಲಿ ಆ ಸ್ಥಾನವನ್ನೇರಿದ ಮೊದಲ ಸ್ತ್ರೀ ಇವರೇ. 1926ರಿಂದ ಅವರು ಕುಳಿತ ಪೀಠಕ್ಕೆ ಜೆಕ್ಸ್-ಬ್ಲೇಕರ ಹೆಸರಿದ್ದುದು ನಮಗೆ ಬಹಳ ಒಪ್ಪಿಗೆಯಾಗಿ ಕಾಣುತ್ತದೆ.

ಆ ಪೀಠವನ್ನು 1941ರಲ್ಲಿ ಬಿಟ್ಟರೂ ಕಲಿಸುವುದನ್ನು ಬಿಡಲಿಲ್ಲ. ದೇಹವು ಕೆಲಸಮಾಡುವ ಬಗೆಯನ್ನು ಸಾಮಾನ್ಯ ಜನರಿಗೆ ತಿಳಿಸುವ ಪುಸ್ತಕವೊಂದನ್ನು 1949ರಲ್ಲಿ ಪ್ರಕಟಿಸಿ, 1956ರ ನವೆಂಬರಿನಲ್ಲಿ ಲಂಡನಿನಲ್ಲಿ ತೀರಿಕೊಂಡರು.