ಗುಂಡಪ್ಪನವರ ಚಿತ್ರಶಾಲೆ

ಡಿ. ವಿ. ಗುಂಡಪ್ಪನವರನ್ನು ಕನ್ನಡಿಗರು ಹೆಚ್ಚಾಗಿ ನೆನೆಯುವುದು 1943ರ ‘ಮಂಕುತಿಮ್ಮನ ಕಗ್ಗ’ದಿಂದ. ವೈದ್ಯನಾದ ನನ್ನನ್ನು ಮತ್ತೆ ಮತ್ತೆ ಸೆಳೆಯುವುದು ಅವರ ‘ಜ್ಞಾಪಕ ಚಿತ್ರಶಾಲೆ’. ಎಂಟು ಸಂಪುಟಗಳ ಆ ಬರಹ, ಮನುಷ್ಯನ ನೆನಪು ಹೇಗೆ ಕಟ್ಟಿಕೊಳ್ಳುತ್ತದೆಂಬುದಕ್ಕೂ ಸಾಕ್ಷಿಯಾಗಿದೆ.

ಅವರು ಜನಿಸಿದ್ದು 1887ರ ಮಾರ್ಚ್ 17ರಂದು, ಕೋಲಾರ ಸೀಮೆಯ ಮುಳಬಾಗಿಲಿನಲ್ಲಿ. ಶಾಲೆಯ ಓದು ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಪಾಂಡಿತ್ಯವೆಲ್ಲ ಸ್ವಂತ ಶ್ರಮದ ಗಳಿಕೆ. ಬೆಂಗಳೂರಿನಲ್ಲಿ ಪತ್ರಕರ್ತರಾಗಿ 1913ರಲ್ಲಿ ‘ಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿದರು. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಈ ದೀರ್ಘ ಸಾರ್ವಜನಿಕ ಜೀವನದಲ್ಲಿ ಕಂಡವರನ್ನೇ ಅವರು ಮುಪ್ಪಿನಲ್ಲಿ ಚಿತ್ರಿಸಿದ್ದು.

ಚಿತ್ರಶಾಲೆಯಲ್ಲಿ ಕಾಲಾನುಕ್ರಮವಿಲ್ಲ. ಸಾಹಿತ್ಯೋಪಾಸಕರು, ಕಲೋಪಾಸಕರು, ಮೈಸೂರಿನ ದಿವಾನರು, ವೈದಿಕ ಸಂಪ್ರದಾಯಸ್ಥರು, ಹೃದಯ ಸಂಪನ್ನರು ಎಂದು ವೃತ್ತಿ ಮತ್ತು ಗುಣಗಳ ಮೇಲೆ ನೆನಪುಗಳು ವಿಂಗಡವಾಗಿವೆ. ಮನಶ್ಶಾಸ್ತ್ರ ‘ಸ್ಕೀಮಾ’ ಎನ್ನುವುದು ಇಂಥ ಮನೋಚೌಕಟ್ಟನ್ನೇ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಆಂಗ್ಲರಿಗೆ ಓದಿಸಿ, ನೆನಪಿನಿಂದ ಬರೆಯಿಸಿದರು. ಅಪರಿಚಿತವಾದ ಕನೂ ಸಾಮಾನ್ಯ ದೋಣಿಯಾಯಿತು. ಸೀಲ್ ಬೇಟೆ ಮೀನುಗಾರಿಕೆಯಾಯಿತು. ಆ ಗ್ರಂಥ ಹೊರಬಂದುದೂ 1932ರಲ್ಲೇ. ಚೌಕಟ್ಟಿಗೆ ಒಗ್ಗಿದ್ದು ಉಳಿಯುತ್ತದೆ, ಒಗ್ಗದ್ದು ಸವೆಯುತ್ತದೆ. ಗುಂಡಪ್ಪನವರ ಚೌಕಟ್ಟು ಸದ್ಗುಣ. ಹಾಗಾಗಿ ಅವರ ಬರಹವನ್ನು ಇತಿಹಾಸದ ದಾಖಲೆಯೆಂದು ಬಳಸುವವರು ಎಚ್ಚರದಿಂದಿರಬೇಕೆಂದು ನನ್ನ ಅಭಿಪ್ರಾಯ. ಅದರಿಂದ ಅದರ ಬೆಲೆ ಕುಗ್ಗದು.

ಇನ್ನೊಂದು ಅನುಕೂಲವೂ ಅವರಿಗಿತ್ತು. ಮುಳಬಾಗಿಲಿಗೂ ಬೆಂಗಳೂರಿಗೂ ಅಂತರ ಸುಮಾರು ನೂರು ಕಿಲೋಮೀಟರ್. ತಾವು ನೆನೆದ ಬೀದಿ, ಭಾಷೆ, ಹಬ್ಬ, ಊಟಗಳ ನಡುವೆಯೇ ಕುಳಿತು ಅವರು ಬರೆದರು. 1975ರ ಅಕ್ಟೋಬರ್ 7ರಂದು ಅವರು ನಿಧನರಾದರು. ಅದೇ ವರ್ಷ ಗಾಡನ್ ಮತ್ತು ಬ್ಯಾಡ್ಲಿ ಎಂಬ ಬ್ರಿಟಿಷ್ ಸಂಶೋಧಕರು ಮುಳುಗುಗಾರರ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು: ನೀರಿನಡಿ ಕಲಿತ ಪದಗಳು ನೀರಿನಡಿಯಲ್ಲಿ, ದಡದಲ್ಲಿ ಕಲಿತವು ದಡದಲ್ಲಿ ಹೆಚ್ಚು ನೆನಪಾದವು.

ಮಕ್ಕಳೊಡನೆ ಇರಲು ಮಿಲ್ಪಿಟಾಸ್‌ಗೆ ಬಂದ ನಮ್ಮ ಹಿರಿಯರಿಗೆ ಆ ದಡ ದೂರ. ಇಂದಿನ ತಾರೀಖು, ಇಲ್ಲಿನ ಕೌಂಟಿಯ ಹೆಸರು ಕೇಳಿದರೆ ತಡವರಿಸುವವರು, ಮೇಷ್ಟರ ಹೆಸರನ್ನೋ ಗೌರಿಹಬ್ಬದ ಅಡುಗೆಯನ್ನೋ ಕೇಳಿದರೆ ನಿರರ್ಗಳವಾಗಿ ಮಾತನಾಡುವುದುಂಟು. ಮರೆಗುಳಿತನದ ಆರಂಭದಲ್ಲೂ ಹಳೆಯ ನೆನಪು ಹೀಗೆ ಉಳಿದಿರುವುದರಿಂದ ಪರೀಕ್ಷೆಯನ್ನು ಬಿಡುವಂತಿಲ್ಲ. ಆದರೆ ಅದನ್ನು ಕನ್ನಡದಲ್ಲಿ ಮಾಡಿಸಿ. ಜೊತೆಗೆ ಹೋಗುವ ಮಕ್ಕಳು, ತಂದೆತಾಯಿಯರು ಈ ದೇಶಕ್ಕೆ ಬಂದು ಎಷ್ಟು ತಿಂಗಳಾಯಿತೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ.